ಹೆಂಡತಿಯ ಪರವಾಗಿ ಹುಚ್ಚೇಶನ ವ್ಯಾಯಾಮ

ನಮ್ಮ ಓಣಿಯ ಹುಚ್ಚೇಶ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಸುಕಿನಲ್ಲಿ ಮನೆಯಿಂದ ಹೊರಬಿದ್ದ ದಿನ, ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ನಿಂತುಹೋಯಿತು. ನಿಲ್ಲದೆ ಏನು ಮಾಡೀತು? ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದಿದ್ದರು. ನಡೆದು ಹೋಗುತ್ತಿದ್ದವನು ಯಾರೋ ಪರವೂರಿನವನಲ್ಲ, ಹುಚ್ಚೇಶ!

ಹುಚ್ಚೇಶ ಎಂದರೆ ಬೆಳಿಗ್ಗೆ ಮಗ್ಗದ ಕುಣಿಗೆ ಇಳಿದರೆ ಊಟಕ್ಕೇ ಏಳುವ ಮನುಷ್ಯ. ಪಕ್ಕದಲ್ಲಿಟ್ಟ ತಂಬಿಗೆಯ ನೀರಿಗೂ "ಮಹಾನಂದಾ" ಎಂದು ಹೆಂಡತಿಯನ್ನು ಕೂಗುವವನು. ನಾಲ್ಕು ಮನೆ ಆಚೆಗಿರುವ ಅಹ್ಮದಸಾಬನ ಚಹಾದಂಗಡಿಗೂ ಸೈಕಲ್ ಮೋಟರ್ ಹತ್ತಿಯೇ ಹೋಗುತ್ತಿದ್ದ. ಎಷ್ಟೋ ಸಲ ಗಾಡಿ ಚಾಲೂ ಆಗುವುದಕ್ಕೆ ಹಿಡಿದ ವೇಳೆಯಲ್ಲಿ ಚಹಾ ಕುಡಿದು ತಿರುಗಿ ಬರಬಹುದಾಗಿತ್ತು. ಆದರೆ ತತ್ವ ಅಂದರೆ ತತ್ವ.

ನಾನು ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು, ಅವನ ಎದುರುಮನೆಯವನು. ಕೇಳದೆ ಬಿಡುವ ಜಾಯಮಾನ ನನ್ನದಲ್ಲ.

"ಎಲ್ಲಿಗಪಾ ಹುಚ್ಚೇಶ, ಸವಾರಿ?"

"ಎಲ್ಲಿಗೂ ಇಲ್ರಿ ಮಾಸ್ತರ. ಸುಮ್ನ ಹೋಗಿ ಹೊಳ್ಳಿ ಬರೂದು."

"ಹೊಳ್ಳಿ ಬರೂದಿದ್ರ ಹೋಗೂದ್ಯಾಕ?"

ಅವನು ಮುಖ ಸಪ್ಪಗೆ ಮಾಡಿಕೊಂಡು, ಕೈ ಬೀಸಿಕೊಂಡು ಹೋಗಿಯೇಬಿಟ್ಟ. ನನಗೆ ಪೂರ್ತಿ ಸಂಗತಿ ತಿಳಿದದ್ದು ಆಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನಮ್ಮ ಓಣಿಯವರ ಹಾಗೆ ಏನೇನೋ ತಿಳಿದುಕೊಂಡೀರಿ.

ಹುಚ್ಚೇಶನ ಹೆಂಡತಿ ಮಹಾನಂದಾ ಕೆಲವು ತಿಂಗಳಿಂದ ಸೊರಗುತ್ತಿದ್ದಳು. ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕುವುದರಲ್ಲಿ ಆಕೆಯ ಕೈಯ ಮುಂದೆ ಇನ್ನೊಂದು ಕೈ ನಮ್ಮ ಓಣಿಯಲ್ಲಿ ಇರಲಿಲ್ಲ. ಅಂಥವಳು ಎಳೆ ಹಿಡಿದರೆ ಕೈ ನಡುಗುತ್ತದೆ ಎಂದು ಅಳತೊಡಗಿದಳು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಅನುರಾಧಾ ಅವರು ಒಳಗೆ ಕರೆದರು. ಒಳಗೆ ಹೋದವರು ಹುಚ್ಚೇಶ ಮತ್ತು ಅವನ ಅಕ್ಕ ಕಾಳವ್ವ. ಮಹಾನಂದಾಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಜಡ್ಡಿನ ಹೆಸರು ಜಡ್ಡಾದವರ ಕಿವಿಗೆ ಬೀಳಬಾರದು ಎನ್ನುವುದು ಕಾಳವ್ವನ ಕಾಯಿದೆ. ನಮ್ಮ ಕಡೆ ಇನ್ನೂ ಬಹಳ ಮನೆಗಳಲ್ಲಿ ಅದೇ ಕಾಯಿದೆ.

"ಕರುಳಿನ್ಯಾಗ ಕ್ಯಾನ್ಸರ್ ಗಂಟು ಐತಿ," ಎಂದರು ಡಾಕ್ಟರು. "ತಗದ್ರ ಆರಾಮ ಆಗ್ತಾರ. ಆದ್ರ ಅವ್ರು ಭಾಳ ಸೋತಾರ. ಇವತ್ತ ಆಪರೇಷನ್ ಮಾಡಿದ್ರ ಗಂಟೂ ಹೋಗತೈತಿ, ಪೇಶಂಟೂ ಹೋಗ್ತಾರ. ಕೆಲವು ವಾರ ಮೈ ಗಟ್ಟಿ ಮಾಡ್ಕೊಂಡು ಬರ್ಬೇಕು. ದಿನಾ ನಡೀಬೇಕು, ಉಸರಿನ ವ್ಯಾಯಾಮ ಮಾಡ್ಬೇಕು, ಕುರ್ಚಿಯಿಂದ ಕೈ ಊರದ ಎದ್ದು ಎದ್ದು ಕುಂದರ್ಬೇಕು. ಹಾಲು, ಮಸರು, ಮೆತ್ತಗ ಬೇಸಿದ ಬ್ಯಾಳಿ, ಶೇಂಗಾ ಪುಡಿ, ತತ್ತಿ ತಿನ್ನಬೇಕು. ಭಾಳ ದಿನ ಕಾಯಾಕ ಬರಾಂಗಿಲ್ಲ, ಗಂಟು ನಮ್ಮ ಸಲುವಾಗಿ ಕಾಯಾಂಗಿಲ್ಲ. ಅವ್ರನ್ನ ಕರೀರಿ, ಹೇಳ್ತೇನಿ."

ಹುಚ್ಚೇಶ ಕೈಮುಗಿದ. "ನಾ ಮನ್ಯಾಗ ಸಾವಕಾಶ ಹೇಳ್ತೇನ್ರಿ ಅವ್ವಾರ. ಈಗ ಬ್ಯಾಡ್ರಿ."

ವ್ಯಾಯಾಮ ಹೇಳಿಕೊಡುವ ಶಕೀಲ ಎಂಬ ಹುಡುಗನ ಮುಂದೆಯೂ ಅದೇ ಕೈಮುಗಿತ. "ಆಕಿಗೆ ಕುಂತು ಸಾಕಾಗೇತಿ. ನನಗ ಕಲಿಸ್ರಿ, ನಾ ಆಕಿಗೆ ಕಲಿಸ್ತೇನಿ." ಶಕೀಲ ಅರೆಮನಸ್ಸಿನಿಂದಲೇ ಎಲ್ಲವನ್ನೂ ಕಲಿಸಿ, ಉಸಿರೆಳೆದರೆ ಮೂರು ಗುಂಡು ಮೇಲೇಳುವ ಪ್ಲಾಸ್ಟಿಕ್ಕಿನ ಡಬ್ಬಿಯೊಂದನ್ನು ಕೈಗಿಟ್ಟ.

ಆ ಸಂಜೆ ಅಡುಗೆಮನೆಯಲ್ಲಿ ಕಾಳವ್ವನ ನ್ಯಾಯಾಲಯ ಕೂತಿತು.

"ಖಬರ್ ಐತೇನ್ ಆ ಡಾಕ್ಟರಿಗೆ? ಜಡ್ಡಾದ ಹೆಣಮಗಳನ್ನ ಎಬ್ಬಿಸಿ ನಡಸ್ಬೇಕಂತ! ನಾಯಿ ಸುದ್ದಾ ಜಡ್ಡಾದ್ರ ಮೂಲ್ಯಾಗ ಮಕ್ಕೋತೈತಿ."

"ನಡೀದಿದ್ರ ಕೊಯ್ಯಾಂಗಿಲ್ಲಂತಕ್ಕಾ. ಕೊಯ್ಯದಿದ್ರ ಆಕಿ..." ಹುಚ್ಚೇಶ ಕಣ್ಣೊರೆಸಿಕೊಂಡ.

ಕಾಳವ್ವ ಎಲೆಯಡಿಕೆ ಮೆಲ್ಲುತ್ತ ತೀರ್ಪು ಕೊಟ್ಟಳು. "ನಾ ಸಣ್ಣಾಕಿದ್ದಾಗ ಜ್ವರ ಬಂದು ಎಲ್ಲಾರೂ ಆಸೆ ಬಿಟ್ಟಿದ್ರಂತ, ಮನ್ಯಾಗ ಹೇಳ್ತಿದ್ರಲ್ಲ. ಅಪ್ಪ ಬಾದಾಮಿಗೆ ಹೋಗಿ ಬನಶಂಕರಿಗೆ ದೀಡ ನಮಸ್ಕಾರ ಹಾಕಿದ. ಒದ್ದಿ ಬಟ್ಟ್ಯಾಗ ಗುಡಿ ಸುತ್ತ ಬಿದ್ದು ಎದ್ದಾಂವ ಅಪ್ಪ, ಆರಾಮಾದಾಕಿ ನಾ. ಯಾರರ ಹಾಕ್ಲಿ, ಮುಟ್ಟೂದು ಮುಟ್ಟತೈತಿ. ಆಕಿ ಪರವಾಗಿ ನೀ ಮಾಡು."

"ಅದು ಹರಕಿ ಯಕ್ಕಾ. ಇದು ವ್ಯಾಯಾಮ."

"ಎರಡೂ ಮೈ ದಂಡಿಸೂದ ಹೌದಿಲ್ಲೋ?"

ಹುಟ್ಟಿದಂದಿನಿಂದ ಅಕ್ಕನ ಎದುರು ಒಂದು ವಾದವನ್ನೂ ಗೆಲ್ಲದ ಹುಚ್ಚೇಶ ಮರುದಿನ ಬಜಾರಕ್ಕೆ ಹೋಗಿ ಬಿಳಿ ಬೂಟು ತಂದ.

ಮುಂದಿನದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇವರಾಣೆ, ಅಂಥ ಶ್ರದ್ಧೆಯನ್ನು ನಾನು ಯಾವ ಮಠದಲ್ಲೂ ನೋಡಿಲ್ಲ. ನಸುಕಿನಲ್ಲಿ ಊರ ಹೊರಗಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ತನಕ ನಡೆಯುವುದು. ಬಂದು ಕಟ್ಟೆಯ ಮೇಲೆ ಕುರ್ಚಿ ಹಾಕಿ ಏಳುವುದು, ಕೂರುವುದು, ಏಳುವುದು. ಶಕೀಲ ಕೊಟ್ಟ ಡಬ್ಬಿಯ ನಳಿಗೆ ಬಾಯಿಟ್ಟು ಕಣ್ಣು ಮೇಲೆ ಮಾಡಿ ಗುಂಡು ಎಬ್ಬಿಸುವುದು. ಮನೆಯೊಳಗೆ ತತ್ತಿ ತರಲು ಕಾಳವ್ವ ಬಿಡಳು. ಹಾಗಾಗಿ ಅಹ್ಮದಸಾಬನ ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, "ತಾಯಿ, ಇದು ಆಕಿ ಸಲುವಾಗಿ" ಎಂದು ನುಂಗುತ್ತಿದ್ದ. ಅಹ್ಮದಸಾಬ ಪಾಪ, ಗಿರಾಕಿಗೆ ಹುಚ್ಚು ಹಿಡಿದಿದೆ ಎಂದು ಉಪ್ಪು ಖಾರ ಜಾಸ್ತಿ ಉದುರಿಸಿ ಕೊಡುತ್ತಿದ್ದ.

ಒಳಗೆ ಮಹಾನಂದಾ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿರುತ್ತಿದ್ದಳು. ಮಾತಾಡಿಸಲು ಬಂದವರು ತಂದ ಬಿಸ್ಕಿಟು ಪುಡಿಕೆಗಳು ತಲೆದಿಂಬಿನ ಎತ್ತರಕ್ಕೆ ಬೆಳೆದಿದ್ದವು. ಊಟಕ್ಕೆ ತಿಳಿಗಂಜಿ. ಒಮ್ಮೆ ಆಕೆ ಬಚ್ಚಲಿಗೆ ಹೋಗಲು ಎದ್ದರೆ ಕಾಳವ್ವ ಓಡಿಬಂದು ಹಿಡಿದಳು. "ಏಳಬ್ಯಾಡವ್ವಾ, ಏಳಬ್ಯಾಡ! ಅಲ್ಲಿ ಅವ ನಡ್ಯಾಕತ್ತಾನಲ್ಲ!"

ಮಹಾನಂದಾಳಿಗೆ ಈ ಮಾತಿನ ಹಿಂದುಮುಂದು ತಿಳಿಯಲಿಲ್ಲ. ಕೇಳಿದರೆ ಯಾರೂ ಹೇಳುತ್ತಲೂ ಇರಲಿಲ್ಲ.

ಕೆಲವೇ ವಾರಗಳಲ್ಲಿ ಹುಚ್ಚೇಶನ ಹೊಟ್ಟೆ ಕರಗಿತು, ಎದೆ ಅಗಲವಾಯಿತು, ಕೆನ್ನೆಗೆ ಕೆಂಪು ಬಂತು. ಅವನೇನೋ ಹೆಂಡತಿಯ ಮುಖಕ್ಕೆ ಆ ಕೆಂಪು ಬರಲೆಂದು ಬೇಡಿಕೊಳ್ಳುತ್ತಿದ್ದ. ಓಣಿಗೆ ಅದು ಗೊತ್ತಿಲ್ಲವಲ್ಲ! ಮೊದಲು ಪುರಸಭೆಯ ಚುನಾವಣೆಗೆ ನಿಲ್ಲುತ್ತಾನೆ ಎಂದರು. ನಮ್ಮ ವಾರ್ಡಿನ ಮೆಂಬರು ಅಂಜಿ, ವರ್ಷದಿಂದ ಕಟ್ಟಿಕೊಂಡಿದ್ದ ಗಟಾರವನ್ನು ಹುಚ್ಚೇಶನ ಮನೆಯ ಮುಂದೆ ಮಾತ್ರ ಬಳಿಸಿದ. ಆಮೇಲೆ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು: ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಗಂಡ ಬೂಟು ಹಾಕಿಕೊಂಡು ಮೈ ಮಾಡುತ್ತಿದ್ದಾನೆ, ಇದರ ಅರ್ಥ ಬಿಡಿಸಿ ಹೇಳಬೇಕೇ? ಎರಡನೇ ಮದುವೆ!

ಆ ಸುದ್ದಿ ಬಸ್ಸು ಹತ್ತಿ ಹುನಗುಂದಕ್ಕೆ ಹೋಯಿತು. ಅಲ್ಲಿ ಮಹಾನಂದಾಳ ತಮ್ಮ ಮುತ್ತುರಾಜ ಇದ್ದಾನೆ, ಸಿಟ್ಟಿನ ಮನುಷ್ಯ. ಮರುದಿನದ ಮೊದಲ ಬಸ್ಸಿಗೆ ಬಂದಿಳಿದ. ಹುಚ್ಚೇಶ ಕಟ್ಟೆಯ ಮೇಲೆ ಬಾಯಲ್ಲಿ ನಳಿ ಇಟ್ಟುಕೊಂಡು ಎದ್ದು ಕೂರುತ್ತಿದ್ದ.

"ಮಾವಾ! ನಮ್ಮಕ್ಕ ಒಳಗ ಸಾಯಾಕ ಬಿದ್ದಾಳ, ನೀ ಇಲ್ಲಿ ಮದುಮಗ ಆಗಾಕ ಕಸರತ್ತ ಮಾಡ್ತಿ? ಯಾವ ಊರಾಕಿನ ಲಗ್ನ ಆಗಾಂವ, ಹೇಳು!"

ನಳಿ ಬಾಯಿಂದ ಬಿತ್ತು. ಹುಚ್ಚೇಶ ಇಷ್ಟು ದಿನ ಬಾಯಿ ಬಿಗಿದುಕೊಂಡಿದ್ದವನು ಓಣಿಗೆಲ್ಲ ಕೇಳುವಂತೆ ಒದರಿದ. "ನಿಮ್ಮಕ್ಕನ ಸಲುವಾಗೇ ಮಾಡಾಕತ್ತೇನೋ! ಆಕಿಗೆ ದೊಡ್ಡ ಆಪರೇಷನ್ ಐತಿ. ಮೈ ಗಟ್ಟಿ ಆದ್ರಷ್ಟ ಮಾಡ್ತಾರಂತ. ಆಕಿಗೆ ಏಳಾಕಾಗವಲ್ದು, ಆಕಿ ಪರವಾಗಿ ನಾ ಏಳಾಕತ್ತೇನಿ. ಆಕಿ ಇಲ್ಲಂದ್ರ ನಾ ಯಾರ ಮುಂದ ಬದುಕ್ಲಿ?"

ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗಿದ್ದ ಮಹಾನಂದಾಳಿಗೆ ಮಾತ್ರ ಅದು ಕೇಳಲಿಲ್ಲ. ಮುತ್ತುರಾಜನ ಎತ್ತಿದ ಕೈ ಹಾಗೇ ಕೆಳಗಿಳಿದು ಮಾವನ ಪಾದ ಮುಟ್ಟಿತು. ಒಂದು ಕುರ್ಚಿ ಎಳೆದುಕೊಂಡು, ಅಳುತ್ತಲೇ ಅವನೂ ಏಳಲು ಕೂರಲು ಹತ್ತಿದ. ಎರಡನೇ ಮದುವೆಯ ಸುದ್ದಿ ಹಬ್ಬಿಸಿದ ಹೆಂಗಸರೇ ಎಲ್ಲರಿಗಿಂತ ಮೊದಲು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನದಿಂದ ಓಣಿಯೇ ನಡೆಯಿತು! ಅಹ್ಮದಸಾಬ ಅಂಗಡಿ ತಡಮಾಡಿ ತೆರೆಯತೊಡಗಿದ. ಮುತ್ತುರಾಜ ರಜೆ ಹಾಕಿ ಉಳಿದ. ಮಹಾನಂದಾಳ ಪಾಲಿಗೆ ನನ್ನದೂ ಒಂದಿಷ್ಟು ಇರಲಿ ಎಂದು ಮುದುಕರು, ಹೆಂಗಸರು, ಮಂಡಿನೋವಿನವರು ಎಲ್ಲರೂ ಬಂದರು. ನಾನೂ ಕೊಡೆ ಹಿಡಿದು ಹೊರಟೆ. ಕಾರ್ಖಾನೆಯ ಹತ್ತಿರ ಬಸ್ಸು ನಿಲ್ಲಿಸಿ ಕಂಡಕ್ಟರ್ ಕೇಳಿದ, "ಯಾವ ಪಾದಯಾತ್ರಿ ರಿ ಇದು?"

"ಮಹಾನಂದಾ ಅವ್ರದು," ಎಂದ ಅಹ್ಮದಸಾಬ.

"ಎಲ್ಲಿ ಅದಾರ ಅವ್ರು?"

"ಮನ್ಯಾಗ ಮಕ್ಕೊಂಡಾರ."

ಕಂಡಕ್ಟರ್ ಟೊಪ್ಪಿಗೆ ತೆಗೆದು ಕೈಮುಗಿದು ಸೀಟಿ ಊದಿದ.

ದವಾಖಾನೆಗೆ ಮರಳಿ ಹೋಗುವ ದಿನ ಬಂತು. ಒಂದು ಟೆಂಪೋ ತುಂಬ ಜನ ಹೊರಟೆವು. ನಡುವೆ ಮಹಾನಂದಾಳನ್ನು ಹಾಸಿಗೆ ಸುತ್ತಿ ಮಲಗಿಸಿದ್ದರು. ಬಾಗಲಕೋಟೆಯಲ್ಲಿ ಶಕೀಲ ಉದ್ದನೆಯ ಪಡಸಾಲೆ ತೋರಿಸಿ, "ಸಾವಕಾಶ ನಡೀರಿ ಅಮ್ಮಾ, ನೋಡೂಣು" ಎಂದ. ಆಕೆ ನಾಲ್ಕು ಹೆಜ್ಜೆ ಇಟ್ಟು ಗೋಡೆ ಹಿಡಿದಳು. ತುಟಿ ಬೆಳ್ಳಗಾಗಿತ್ತು.

"ಇರ್ಲಿ ಬಿಡ್ರಿ," ಎಂದು ಹುಚ್ಚೇಶ ಮುಂದೆ ಬಂದ. "ಆಕಿದು ನಾ ನಡೀತೇನಿ."

ಯಾರಾದರೂ ತಡೆಯುವ ಮೊದಲೇ ಹೊರಟುಬಿಟ್ಟ. ನರ್ಸುಗಳು ಗೋಡೆಗೆ ಅಂಟಿದರು. ಔಷಧದ ಬಂಡಿಯೊಂದು ಅಡ್ಡ ತಿರುಗಿತು. ಹೋದ ರಭಸದಲ್ಲೇ ಬಂದು, ಶಕೀಲನ ಮೇಜಿನ ಮೇಲಿದ್ದ ಡಬ್ಬಿ ಎತ್ತಿ, ಒಂದೇ ಉಸಿರಿಗೆ ಮೂರೂ ಗುಂಡು ಮೇಲೇರಿಸಿ ನಿಲ್ಲಿಸಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕಾಳವ್ವ ತಮ್ಮನಿಗೆ ದೃಷ್ಟಿ ತೆಗೆದಳು.

ಡಾಕ್ಟರ್ ಅನುರಾಧಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಶಕೀಲ ಕೇಳಿದ, ಹುಚ್ಚೇಶ ಹೇಳಿದ, ಕಾಳವ್ವ ಬನಶಂಕರಿಯ ಸಾಕ್ಷಿ ಕೊಟ್ಟಳು. ಡಾಕ್ಟರು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು.

"ಹುಚ್ಚೇಶ ಅವ್ರ, ನಿಮಗ ಆಪರೇಷನ್ ಮಾಡೂದಿದ್ರ ಈಗಿಂದೀಗ ಮಾಡ್ತಿದ್ದೆ. ಇಷ್ಟು ಗಟ್ಟಿ ಪೇಶಂಟ್ ನಮ್ಮ ದವಾಖಾನಿಗೆ ಬಂದೇ ಇಲ್ಲ." ಆಮೇಲೆ ಅವರ ದನಿ ಬದಲಾಯಿತು. "ಆದ್ರ ಇವ್ರಿಗೆ ಅರಿವಳಿಕಿ ಕೊಡಾಕ ಬರಾಂಗಿಲ್ಲ. ಮೊದಲಿಗಿಂತ ಸೋತಾರ. ಇನ್ನೊಂದ ಸಲ ಅವಕಾಶ ಕೊಡ್ತೇನಿ. ಅದರ ಮ್ಯಾಲ ಮುಂದ ಹಾಕಿದ್ರ ಗಂಟು ನಮ್ಮ ಕೈ ದಾಟತೈತಿ."

ಚಪ್ಪಾಳೆ ತಟ್ಟಿದ ಕೈಗಳನ್ನು ಎಲ್ಲಿಡಬೇಕೋ ನಮಗೆ ತಿಳಿಯಲಿಲ್ಲ. ಹುಚ್ಚೇಶ ಬೂಟಿನ ಸಮೇತ ನೆಲಕ್ಕೆ ಕುಸಿದು, "ನಾನ ಆಕಿನ್ನ ಕೊಂದ್ನಲ್ರಿ" ಎಂದು ಹಣೆ ಬಡಿದುಕೊಂಡ.

ಆಗ ಗೋಡೆ ಹಿಡಿದು ನಿಂತಿದ್ದ ಮಹಾನಂದಾ ಮಾತಾಡಿದಳು. ಇಷ್ಟು ದಿನಗಳಲ್ಲಿ ಆಕೆಯ ದನಿಯನ್ನು ನಾವು ಕೇಳಿಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಅವ್ವಾರ, ನನಗ ಕ್ಯಾನ್ಸರ್ ಐತಿ, ಹೌದಲ್ರಿ?"

ಕಾಳವ್ವ ಕಿವಿ ಮುಚ್ಚಿಕೊಂಡಳು. ಡಾಕ್ಟರು ಹೌದೆಂದರು.

"ಅದು ನನಗ ಮೊದಲ ದಿನಾನ ತಿಳೀತು. ಬಾಗಿಲದ ಮ್ಯಾಲ ಕ್ಯಾನ್ಸರ್ ವಿಭಾಗ ಅಂತ ಬರದಾರಲ್ರಿ, ನನಗ ಓದಾಕ ಬರತೈತಿ. ಸಾಯಾಕತ್ತೇನಿ, ಅದಕ್ಕ ಯಾರೂ ಹೇಳವಲ್ರು ಅಂತ ಸುಮ್ನ ಮಕ್ಕೊಂಡಿದ್ದೆ." ಉಸಿರು ತೆಗೆದುಕೊಂಡಳು. "ನಾ ಮಾಡೂವಂಥಾದ್ದೂ ಏನರ ಐತಿ ಅಂತ ಯಾರೂ ಹೇಳ್ಲಿಲ್ಲಲ್ರಿ. ಏನ್ ಮಾಡ್ಬೇಕು, ನನಗ ಹೇಳ್ರಿ."

ಡಾಕ್ಟರು ಆಕೆಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಆಕೆಗೇ ಹೇಳಿದರು. ಶಕೀಲ ಆಕೆಗೇ ಕಲಿಸಿದ. ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಟೆಂಪೋದಲ್ಲಿ ತಿರುಗಿ ಬರುವಾಗ ಮಹಾನಂದಾ ಹಾಸಿಗೆ ಮಡಚಿ ಅದರ ಮೇಲೆ ಕೂತಿದ್ದಳು.

ಮರುದಿನ ನಸುಕಿನಲ್ಲಿ ಆಕೆ ಹೊಸ್ತಿಲು ದಾಟಿ ಓಣಿಗೆ ಇಳಿದಳು. ಹಿಂದೆ ಹುಚ್ಚೇಶ, ಸುಸ್ತಾದರೆ ಕೂರಲೆಂದು ತಲೆಯ ಮೇಲೆ ಕುರ್ಚಿ ಹೊತ್ತುಕೊಂಡು. ಅವನ ಹಿಂದೆ ಕಾಳವ್ವ, "ಬೀಳ್ತಾಳೋ, ಹಿಡಿಯೋ, ಈ ಊರಾಗ ಬುದ್ಧಿ ಇದ್ದಾರ ಯಾರೂ ಇಲ್ಲೇನು" ಎಂದು ಬೈಯುತ್ತ. ಮಹಾನಂದಾ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹೋಗುವಳು, ನಿಲ್ಲುವಳು, ಉಸಿರು ತೆಗೆದುಕೊಳ್ಳುವಳು, ಮತ್ತೆ ಹೊರಡುವಳು. ಅಹ್ಮದಸಾಬನ ಅಂಗಡಿ ಮುಟ್ಟಿದಾಗ ಸೂರ್ಯ ಮೇಲೆ ಬಂದಿದ್ದ. ನಾನು ಮಾಸ್ತರನಾಗಿದ್ದಾಗ ವರ್ಷವರ್ಷವೂ ಮಕ್ಕಳನ್ನು ಪಟ್ಟದಕಲ್ಲಿನ ಗುಡಿಗಳ ಮುಂದೆ ಸಾಲಾಗಿ ನಿಲ್ಲಿಸಿ, "ನೋಡ್ರಿ, ಬೆರಗಾಗ್ರಿ" ಎಂದು ಅಪ್ಪಣೆ ಮಾಡುತ್ತಿದ್ದೆ. ಅವರಿಗೇನು, ನನಗೂ ಅಪ್ಪಣೆಯ ಬೆರಗೇ. ಅಂದು ಆ ಹೆಣ್ಣುಮಗಳು ನಾಲ್ಕು ಮನೆ ದಾಟಿ ನಿಂತಾಗ ಮಾತ್ರ ನನ್ನ ಮೈಮೇಲಿನ ಕೂದಲು ತಾವಾಗಿಯೇ ಎದ್ದು ನಿಂತವು.

ಬಿಸ್ಕಿಟು ಪುಡಿಕೆಗಳೆಲ್ಲ ಕೇರಿಯ ಮಕ್ಕಳ ಪಾಲಾದವು. ಮಾತಾಡಿಸಲು ಬರುವವರು ಗಟ್ಟಿ ಮೊಸರು, ಬೇಳೆ, ಶೇಂಗಾ ಪುಡಿ ತರತೊಡಗಿದರು. ತತ್ತಿಯ ಪ್ರಶ್ನೆ ಬಂದಾಗ ಮನೆ ಎರಡು ದಿನ ಮಾತು ಬಿಟ್ಟಿತ್ತು. ಮೂರನೇ ದಿನ ಕಾಳವ್ವನೇ ಹಿತ್ತಿಲಲ್ಲಿ ಬೇರೆ ಒಲೆ ಹೂಡಿ, ಬೇಯಿಸಿ, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಸಿಪ್ಪೆ ಸುಲಿದಳು. "ಇದು ಬಟಾಟಿ," ಎಂದು ಸಾರಿ ತಮ್ಮನ ಹೆಂಡತಿಯ ಬಾಯಿಗೆ ತಾನೇ ತುರುಕಿದಳು. ಓಣಿಯಲ್ಲಿ ಯಾರಿಗೂ ಅಲ್ಲ ಎನ್ನುವ ಧೈರ್ಯವಿರಲಿಲ್ಲ. ಇವತ್ತಿಗೂ ಅದು ಬಟಾಟಿಯೇ.

ಎಲ್ಲ ದಿನವೂ ಸಲೀಸಾಗಿತ್ತು ಎಂದು ತಿಳಿಯಬೇಡಿ. ಒಂದು ದಿನ ಮಹಾನಂದಾ ಅರ್ಧ ದಾರಿಯಲ್ಲಿ ಕುರ್ಚಿಗೆ ಕುಸಿದು ಮುಖ ಮುಚ್ಚಿಕೊಂಡಳು. "ಆಗಾಂಗಿಲ್ಲ ನನಗ. ಸಾಕಾಗೇತಿ. ಸತ್ರ ಸಾಯ್ತೇನಿ."

ಹುಚ್ಚೇಶನಿಗೆ ತಡೆಯಲಾಗಲಿಲ್ಲ. "ಇವತ್ತೊಂದಿನ ನಾ..." ಎಂದು ಬಾಯಿ ತೆರೆದ. ಆಕೆ ತಲೆ ಎತ್ತಿ ನೋಡಿದಳು. ಏನು ನೋಟವಪ್ಪಾ ಅದು! ಹುಚ್ಚೇಶ ಅಲ್ಲೇ ಧೂಳಿನಲ್ಲಿ ಕೂತುಬಿಟ್ಟ. ಆಕೆ ಎರಡೂ ಕೈ ಎದೆಗೆ ಕಟ್ಟಿಕೊಂಡು, ಕೈ ಊರದೆ, ಕುರ್ಚಿಯಿಂದ ಎದ್ದಳು. ಆಮೇಲೆ ಗಂಡನಿಗೆ ಕೈ ಕೊಟ್ಟು ಎಬ್ಬಿಸಿದಳು.

ವಾರಗಳು ಉರುಳಿದವು. ಗಡುವಿನ ದಿನ ಶಕೀಲನ ಪಡಸಾಲೆಯ ಆ ತುದಿ ಮುಟ್ಟಿ, ತಿರುಗಿ ಬಂದು, "ಇನ್ನೊಮ್ಮೆ ಹೋಗ್ಲೇನ್ರಿ?" ಎಂದು ಆಕೆ ಕೇಳಿದಾಗ ಡಾಕ್ಟರು ನಕ್ಕು, ಆಪರೇಷನ್ನಿನ ದಿನ ಹೇಳಿದರು.

ಆ ದಿನ ದವಾಖಾನೆಯ ಆಳು ಗಾಲಿಕುರ್ಚಿ ತಳ್ಳಿಕೊಂಡು ಬಂದ. "ಕುಂದರ್ರಿ ಅವ್ವಾ, ಥೇಟರಿಗೆ ಹೋಗೂಣು."

"ನಾ ನಡ್ಕೊಂತ ಬರ್ತೇನಿ," ಎಂದಳು ಮಹಾನಂದಾ.

ಆಳು ಡಾಕ್ಟರ ಮುಖ ನೋಡಿದ. ಡಾಕ್ಟರು ಆಗಲಿ ಎಂದರು. ಆಕೆ ಬಳೆ, ತಾಳಿ ಬಿಚ್ಚಿ ಕಾಳವ್ವನ ಕೈಯಲ್ಲಿಟ್ಟು, ದವಾಖಾನೆಯ ಹಸಿರು ಅಂಗಿಯಲ್ಲಿ, ಬರಿಗಾಲಲ್ಲಿ, ಉದ್ದನೆಯ ಪಡಸಾಲೆಯನ್ನು ನಡೆದು ದಾಟಿದಳು. ಜನ ದಾರಿ ಬಿಟ್ಟರು. ಒಬ್ಬ ಮುದುಕ, ಯಾರೋ ಏನೋ, ಎದ್ದು ನಿಂತು ಕೈಮುಗಿದ. ಬಾಗಿಲು ಮುಚ್ಚಿತು.

ಖಾಲಿ ಗಾಲಿಕುರ್ಚಿ ಹಿಂದೆಯೇ ಇತ್ತು, ಹುಚ್ಚೇಶ ಅದರಲ್ಲಿ ಕುಸಿದುಬಿದ್ದ. "ಆಕಿ ಹೊರಗ ಬರದಿದ್ರ ನಾ ಏನ್ಮಾಡ್ಲಿ ಮಾಸ್ತರ?" ಎಂದು ನನ್ನ ಕೈ ಹಿಡಿದುಕೊಂಡ. ನಾನೂ ಬಿಗಿಯಾಗಿ ಹಿಡಿದುಕೊಂಡೆ. ಹೊತ್ತು ಹೋಯಿತು, ಬಿಸಿಲು ಗೋಡೆಯಿಂದ ಗೋಡೆಗೆ ಸರಿಯಿತು, ಅವನು ಅಲುಗಲಿಲ್ಲ.

ಡಾಕ್ಟರು ಮುಖದ ಬಟ್ಟೆ ಇಳಿಸುತ್ತ ಹೊರಬಂದರು. "ಗಂಟು ಪೂರಾ ಬಂತು. ಚಂದ ತಡಕೊಂಡ್ರು. ಎಚ್ಚರ ಆಗ್ಯಾರ, ಇಬ್ರು ಹೋಗಿ ನೋಡಿ ಬರ್ರಿ."

"ಏಳೋ ತಮ್ಮಾ," ಎಂದಳು ಕಾಳವ್ವ, ಅಳುತ್ತ ನಗುತ್ತ.

ಹುಚ್ಚೇಶ ಏಳಲು ನೋಡಿದ. ಕೈ ಊರಿದ, ಮತ್ತೆ ನೋಡಿದ. "ಏಳಾಕ ಬರವಲ್ದಕ್ಕಾ," ಎಂದ. ಕೊನೆಗೆ ಕಾಳವ್ವ ಆ ಕುರ್ಚಿಯನ್ನೇ ತಳ್ಳಿಕೊಂಡು ಒಳಗೆ ಹೋದಳು. ನಾನು ಬಾಗಿಲ ಸಂದಿಯಿಂದ ನೋಡಿದೆ.

ಮಹಾನಂದಾಳ ಮೂಗಿಗೆ ನಳಿ, ಕೈಗೆ ಸಲಾಯಿನ್. ನರ್ಸು ಬಗ್ಗಿ ಕೇಳಿದಳು, "ನೋವು ಭಾಳ ಐತೇನವ್ವಾ?"

ಆಕೆ ಅರೆಗಣ್ಣು ತೆರೆದು ಗಾಲಿಕುರ್ಚಿಯಲ್ಲಿದ್ದ ಗಂಡನನ್ನು ನೋಡಿದಳು, ಗಾಬರಿಯಿಂದ ಏಳಲು ಹವಣಿಸಿದಳು.

"ಅಯ್ಯ ಶಿವನ, ಇವ್ರಿಗೇನಾತ್ರಿ?"